ಕಾಲೇಜು ಮೊದಲು, ಕಂಪನಿ ಆಮೇಲೆ

ಕಂಪ್ಯೂಟರ್ ಸೈನ್ಸ್ ಓದಲು ಲೋಂಡಾ, ಖಾನಾಪುರದ ಕಡೆಯಿಂದ ಬೆಳಗಾವಿಗೆ ಹೋಗುವ ಮಕ್ಕಳ ಮನೆಗಳಲ್ಲೂ ಒಂದು ದೂರು ಕೇಳಿಬರುತ್ತದೆ: ಪಠ್ಯ ಹಳೆಯದು, ಕಂಪನಿಗಳಿಗೆ ಬೇಕಾದದ್ದನ್ನು ವಿಶ್ವವಿದ್ಯಾಲಯ ಕಲಿಸುವುದಿಲ್ಲ. ಉದ್ಯಮಕ್ಕೆ ಆಳು ಒದಗಿಸಲೆಂದೇ ಈ ಕಾಲೇಜುಗಳು ಹುಟ್ಟಿದವು ಎಂಬ ಎಣಿಕೆ ಇದರ ಹಿಂದಿದೆ. ಇಸವಿಗಳು ಹೇಳುವುದೇ ಬೇರೆ. ಕರ್ನಾಟಕ ಲಾ ಸೊಸೈಟಿಯ ಗೋಗಟೆ ಕಾಲೇಜು, ಕೆಎಲ್‌ಇ ಸಂಸ್ಥೆಯ ಎಂಜಿನಿಯರಿಂಗ್ ಕಾಲೇಜು ಎರಡೂ ಬೆಳಗಾವಿಯಲ್ಲಿ ಶುರುವಾದದ್ದು 1979ರಲ್ಲಿ. ಆಗ ಇನ್ಫೋಸಿಸ್ ಇರಲಿಲ್ಲ. ಅದು 1981ರಲ್ಲಿ ಪುಣೆಯಲ್ಲಿ ಹುಟ್ಟಿ 1983ರಲ್ಲಿ ಬೆಂಗಳೂರಿಗೆ ಬಂತು. ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಬಂದದ್ದು 1985ರಲ್ಲಿ. ರಾಜ್ಯದ ತುಂಬ ಖಾಸಗಿ ಸೀಟುಗಳನ್ನು ಹೆಚ್ಚಿಸಿದ್ದು ಮಗ ಎಂಜಿನಿಯರ್ ಆಗಲಿ ಎಂಬ ಮನೆಮನೆಯ ಹಂಬಲ. ಕ್ಯಾಪಿಟೇಷನ್ ಶುಲ್ಕ ನಿಷೇಧಿಸಲು ಸರ್ಕಾರ 1984ರಲ್ಲೇ ಕಾಯ್ದೆ ತರಬೇಕಾಯಿತು, ಅಷ್ಟಿತ್ತು ಆ ಹಂಬಲ.

ಹೀಗೆ ಸಿದ್ಧವಾಗಿದ್ದ ಪದವೀಧರರನ್ನು ಸಾಫ್ಟ್‌ವೇರ್ ಕಂಪನಿಗಳು ಆರಿಸಿಕೊಂಡವು. ಮೆಕ್ಯಾನಿಕಲ್, ಸಿವಿಲ್ ಎಂದು ನೋಡದೆ ತೆಗೆದುಕೊಂಡು, ಇನ್ಫೋಸಿಸ್ ಮೈಸೂರಿನಲ್ಲಿ ಮಾಡಿದಂತೆ, ತಿಂಗಳುಗಟ್ಟಲೆ ತಾವೇ ಕಲಿಸಿಕೊಂಡವು. ಪದವಿಯೊಳಗಿನ ಕಂಪ್ಯೂಟರ್ ಶಾಸ್ತ್ರವೇ ಬೇಕಿದ್ದರೆ ಸಿವಿಲ್ ಓದಿದವರನ್ನು ಯಾಕೆ ತೆಗೆದುಕೊಳ್ಳುತ್ತಿದ್ದರು? ಅವರಿಗೆ ಪದವಿ ಒಂದು ಜರಡಿ. 1998ರಲ್ಲಿ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ ಬೆಳಗಾವಿಯಲ್ಲೇ ನೆಲೆಗೊಂಡು, ಬೇರೆ ಬೇರೆ ವಿಶ್ವವಿದ್ಯಾಲಯಗಳ ಕೆಳಗಿದ್ದ ಕಾಲೇಜುಗಳಿಗೆ ಒಂದೇ ಪಠ್ಯ, ಒಂದೇ ಪರೀಕ್ಷೆ ಬಂದಾಗ ಜರಡಿ ಹಿಡಿಯುವುದು ಇನ್ನೂ ಸಲೀಸಾಯಿತು. 2004ರ ಕ್ಯಾಂಪಸ್ ಕನೆಕ್ಟ್ ಯೋಜನೆಯಲ್ಲಿ ಇನ್ಫೋಸಿಸ್ ತನ್ನ ತರಬೇತಿಯ ಒಂದು ಪಾಲನ್ನು ಕಾಲೇಜಿನೊಳಕ್ಕೇ ತಂದಿತು. ಕಂಪನಿಯ ಲೆಕ್ಕದಲ್ಲಿ ಜಾಣ ನಡೆಯೇ ಸರಿ. ಖರ್ಚಿನಲ್ಲಿ ಸ್ವಲ್ಪ ಕಾಲೇಜಿನ ಕಡೆ ಸರಿಯಿತು.

ಸಂಬಳ ಬಂತಲ್ಲ, ಅದು ಸಾಲದೇ ಎಂದು ಕೇಳಬಹುದು. ರೈಲ್ವೆ, ಕಾಡು, ಗದ್ದೆ ಬಿಟ್ಟರೆ ಹೆಚ್ಚಿನ ದುಡಿಮೆಯಿಲ್ಲದ ಕಡೆ ಅದು ಸಣ್ಣ ಮಾತಲ್ಲ, ಒಪ್ಪುತ್ತೇನೆ. ಆದರೆ ಸಂಬಳ ಸಿಕ್ಕಿದ್ದು ಊರು ಬಿಟ್ಟವರಿಗೆ. ಲೋಂಡಾದಿಂದ ರಾಣಿ ಚೆನ್ನಮ್ಮ ಎಕ್ಸ್‌ಪ್ರೆಸ್ ಹತ್ತಿ ಬೆಂಗಳೂರು ಸೇರಿದವರ ಕೆಲಸಕ್ಕೂ ಬೆಳಗಾವಿಯ ಪ್ರಯೋಗಾಲಯಕ್ಕೂ ನಂಟು ಬೆಳೆಯಲಿಲ್ಲ. ದೂರವೇ ಕಾರಣ ಎನ್ನುವಂತೆಯೂ ಇಲ್ಲ: ಬೆಳಗಾವಿ ಜಿಲ್ಲೆಯದೇ ಆದ ಹತ್ತರಗಿಯಲ್ಲಿ ಏಕಸ್ ಕಂಪನಿ ವಿಮಾನದ ಬಿಡಿಭಾಗಗಳನ್ನು ಮಾಡುತ್ತಿದೆ. ಗೋಗಟೆ ಕಾಲೇಜು ಇರುವ ಉದ್ಯಮಬಾಗದಲ್ಲಿ ಎರಕದ ಕಾರ್ಖಾನೆಗಳು, ಯಂತ್ರದಂಗಡಿಗಳು ಸಾಲಾಗಿವೆ. ಅವುಗಳಿಗೂ ಲೆಕ್ಕ, ದಾಸ್ತಾನು, ದೋಷಪತ್ತೆಗೆ ಸಾಫ್ಟ್‌ವೇರ್ ಬೇಕು. ಪಠ್ಯ ಬದಲಿಸುವವರು ಬೆಂಗಳೂರಿನ ಕಂಪನಿಗಳಿಗಿಂತ ಮೊದಲು ಆ ಬೀದಿಯವರನ್ನು ಕೇಳಬೇಕಿತ್ತು.