ಲೆಸ್ಟರಿನ ಪುರಸಭೆ

ಇಂಗ್ಲೆಂಡಿನ ನಡುನಾಡಿನಲ್ಲಿರುವ ಲೆಸ್ಟರ್ ಪಟ್ಟಣದ ಆಡಳಿತವು 1489ರಿಂದ ಮುಂದಕ್ಕೆ ಸುಮಾರು ಮುನ್ನೂರೈವತ್ತು ವರ್ಷಗಳ ಕಾಲ ‘ಇಪ್ಪತ್ತನಾಲ್ವರು’ ಮತ್ತು ‘ನಾಲ್ವತ್ತೆಂಟು ಮಂದಿ’ ಎಂಬ ಎರಡು ಮಂಡಲಿಗಳ ವಶದಲ್ಲಿದ್ದಿತು. ಇವುಗಳಲ್ಲಿ ಒಬ್ಬನ ಸ್ಥಾನವು ತೆರವಾದಲ್ಲಿ ಅದನ್ನು ತುಂಬತಕ್ಕವನು ಯಾರೆಂಬುದನ್ನು ಒಳಗಿದ್ದವರೇ ನಿರ್ಣಯಿಸುತ್ತಿದ್ದರಲ್ಲದೆ ಊರ ಜನರನ್ನು ಕೇಳುವ ಪದ್ಧತಿಯಿರಲಿಲ್ಲ. ಪಟ್ಟಣದ ಸ್ವತ್ತು ತಮ್ಮ ಸ್ವತ್ತೆಂದೇ ಭಾವಿಸಿದ್ದ ಈ ಮಹನೀಯರು 1826ರ ಪಾರ್ಲಿಮೆಂಟು ಚುನಾವಣೆಯಲ್ಲಿ ತಮ್ಮ ಪಕ್ಷದವರನ್ನು ಗೆಲ್ಲಿಸುವುದಕ್ಕೆಂದು ಸುಮಾರು 10,000 ಪೌಂಡುಗಳನ್ನು ವ್ಯಯಿಸಿ, ಆ ಸಾಲಕ್ಕಾಗಿ ಪಟ್ಟಣದ ಆಸ್ತಿಯನ್ನು ಅಡವಿಟ್ಟರು.

ಇಂತಹ ಪುರಸಂಸ್ಥೆಗಳು ದೇಶದಲ್ಲಿ ಬಹಳವಾಗಿದ್ದುವು. ಅವುಗಳ ವಿಚಾರಣೆಗಾಗಿ 1833ರಲ್ಲಿ ನೇಮಿತವಾದ ಆಯೋಗವು ಕಂಡುದನ್ನು ಕಂಡಂತೆ ವರದಿ ಮಾಡಿದ ಮೇಲೆ, 1835ರ ಪುರಸಂಸ್ಥೆಗಳ ಶಾಸನವು ಜಾರಿಗೆ ಬಂದು, ‘ಬರೋ’ ಎಂದು ಕರೆಯಲ್ಪಡುವ 178 ಪಟ್ಟಣಗಳಲ್ಲಿ ಕಂದಾಯ ಕೊಡುವ ಗೃಹಸ್ಥರಿಗೆ ಮತಾಧಿಕಾರವು ಲಭಿಸಿತು. ಆ ವರ್ಷದ ಡಿಸೆಂಬರಿನಲ್ಲಿ ನಡೆದ ಚುನಾವಣೆಯಲ್ಲಿ ಲೆಸ್ಟರಿನ 42 ಸ್ಥಾನಗಳ ಪೈಕಿ ಹಳೆಯ ಪಕ್ಷಕ್ಕೆ ದಕ್ಕಿದುವು ನಾಲ್ಕೇ. ಗೆದ್ದು ಬಂದ ಸುಧಾರಕರು ಮರುವರ್ಷದ ಆದಿಯಲ್ಲಿಯೇ ಹಳೆಯ ಸಂಸ್ಥೆಯ ಬೆಳ್ಳಿಯ ಪಾತ್ರೆಗಳನ್ನೂ ಮಹಾರಾಜದಂಡವನ್ನೂ ಹರಾಜಿಗೆ ಹಾಕಿದರು. ಸೇಡಿಗೂ ಮಿತವ್ಯಯಕ್ಕೂ ಇಷ್ಟು ಸುಲಭವಾಗಿ ಹೊಂದಿಕೆಯಾದ ಪ್ರಸಂಗಗಳು ಪುರಾಡಳಿತದ ಇತಿಹಾಸದಲ್ಲಿ ವಿರಳವೆಂದೇ ಹೇಳಬೇಕು.

ಈ ಶಾಸನವನ್ನು ಹೊಗಳುವವರು ಸಾಮಾನ್ಯವಾಗಿ ಮತಾಧಿಕಾರವನ್ನೇ ಎತ್ತಿ ಹೇಳುವರು. ನನಗಾದರೋ ಸಭೆ ನಡೆಯತಕ್ಕ ರೀತಿಯನ್ನು ಕುರಿತ ಅದರ ನೀರಸವಾದ ವಿಧಿಗಳಲ್ಲಿಯೇ ನಿಜವಾದ ಕ್ರಾಂತಿಯು ಅಡಗಿದೆಯೆಂದು ತೋರುತ್ತದೆ. ಸಭೆಗೆ ಮೂರು ಪೂರ್ಣ ದಿನಗಳ ಮೊದಲು ಕಾಲಸ್ಥಳಗಳ ಸೂಚನೆಯನ್ನು ಪುರಭವನದ ಬಾಗಿಲಿಗೆ ಅಂಟಿಸಬೇಕು. ಯಾವ ವಿಷಯವು ಚರ್ಚೆಗೆ ಬರುವುದೆಂಬುದನ್ನು ಬರೆದು ಪ್ರತಿಯೊಬ್ಬ ಸದಸ್ಯನ ಮನೆಗೆ ಮುಟ್ಟಿಸಬೇಕು. ಮೂರರಲ್ಲೊಂದು ಪಾಲು ಮಂದಿಯಾದರೂ ಕೂಡದೆ ಯಾವ ತೀರ್ಮಾನವೂ ಊರ್ಜಿತವಾಗದು. ಮತಗಳು ಸಮನಾದಲ್ಲಿ ಅಧ್ಯಕ್ಷನು ಎರಡನೆಯ ಮತವನ್ನು ಕೊಡುವನು. ನಡಾವಳಿಯ ಪುಸ್ತಕವನ್ನು ಒಂದು ಷಿಲ್ಲಿಂಗು ತೆತ್ತ ಯಾವ ಪೌರನಾದರೂ ತೆರೆದು ನೋಡಬಹುದು. ನಿರ್ಣಯವೆಂಬುದು ಕೆಲವರ ಇಚ್ಛೆಯಾಗಿದ್ದ ಸ್ಥಿತಿಯಿಂದ ಕಾಗದದ ಮೇಲೆ ತನ್ನ ದಾರಿಯನ್ನು ತೋರಿಸಬೇಕಾದ ಸ್ಥಿತಿಗೆ ಬಂದದ್ದು ಹೀಗೆ.

ಸದಸ್ಯರ ಅವಧಿ ಮೂರು ವರ್ಷವಾಗಿದ್ದಿತು. ಪ್ರತಿವರ್ಷವೂ ಮೂರನೆಯ ಒಂದು ಪಾಲು ಮಂದಿ ನಿವೃತ್ತರಾಗುತ್ತಿದ್ದರು. ಇವರು ಆರಿಸಿದ ಆಲ್ಡರ್‌ಮನ್ನರೆಂಬ ಹಿರಿಯ ಸದಸ್ಯರು, ಲೆಸ್ಟರಿನಲ್ಲಿ ಹದಿನಾಲ್ವರು, ಆರು ವರ್ಷ ಕುಳಿತಿರುತ್ತಿದ್ದರು. ಎಲ್ಲರೂ ಸೇರಿ ನವೆಂಬರ್ 9ರಂದು ವರ್ಷಕ್ಕೊಬ್ಬ ಮೇಯರನ್ನು ಚುನಾಯಿಸುತ್ತಿದ್ದರು. ಆದರೆ ಐವತ್ತಾರು ಮಂದಿ ಕುಳಿತು ಚರಂಡಿಯ ಇಳಿಜಾರನ್ನು ನಿಶ್ಚಯಿಸುವುದು ಸಾಧ್ಯವೆ? ಆದುದರಿಂದ ಕೆಲಸವು ಬಹುಬೇಗನೆ ಕಮಿಟಿಗಳ ಪಾಲಾಯಿತು. ಪೋಲೀಸು ವ್ಯವಸ್ಥೆಯ ಕಾವಲು ಕಮಿಟಿಯನ್ನು ಶಾಸನವೇ ಕಡ್ಡಾಯಗೊಳಿಸಿತ್ತು. ಉಳಿದವುಗಳನ್ನು ಸಭೆಯು ಅವಶ್ಯಕತೆಯಂತೆ ರಚಿಸಿಕೊಂಡಿತು. ಕಮಿಟಿಯ ಕೋಣೆಯಲ್ಲಿ ವಾದವಾಗಿ, ಪುರಸಭೆಯ ಕಾರ್ಯದರ್ಶಿಯಾದ ಟೌನ್ ಕ್ಲರ್ಕನ ಲೇಖನಿಯಲ್ಲಿ ಶಿಫಾರಸಿನ ರೂಪವನ್ನು ಪಡೆದು, ಪೂರ್ಣಸಭೆಗೆ ಬರುವ ಹೊತ್ತಿಗೆ ವಿಷಯವು ಮುಕ್ಕಾಲುಪಾಲು ತೀರ್ಮಾನವಾಗಿಯೇ ಇರುತ್ತಿದ್ದಿತು. ಮೇಯರನ ಸುವರ್ಣಸರಕ್ಕಿಂತ ಆ ಲೇಖನಿಗೆ ತೂಕ ಹೆಚ್ಚು.

ವಿಚಿತ್ರವೆಂದರೆ, ಬಾಗಿಲಿಗೆ ಸೂಚನೆಯನ್ನು ಅಂಟಿಸಬೇಕೆಂದ ಶಾಸನವು ಅದೇ ಬಾಗಿಲಿನೊಳಗೆ ಜನರನ್ನು ಬಿಡಬೇಕೆಂದು ಹೇಳಲಿಲ್ಲ. ವೇಲ್ಸಿನ ಟೆನ್‌ಬಿ ಪುರಸಭೆಯು ಪತ್ರಿಕೆಯವರೊಬ್ಬರನ್ನು ಹೊರಗಿಟ್ಟಾಗ ನ್ಯಾಯಾಲಯವು ಪುರಸಭೆಯ ಪಕ್ಷವನ್ನೇ ಎತ್ತಿಹಿಡಿಯಿತು; ಆ ಮೇಲೆಯೇ, 1908ರಲ್ಲಿ, ಪತ್ರಕರ್ತರಿಗೆ ಪ್ರವೇಶದ ಹಕ್ಕು ದೊರೆಯಿತು. ಸಾಮಾನ್ಯ ಜನರು 1960ರ ಶಾಸನದವರೆಗೆ ಕಾಯಬೇಕಾಯಿತು. ಅದನ್ನು ಮಂಡಿಸಿದವರು, ಆಗ ಪಾರ್ಲಿಮೆಂಟಿಗೆ ಹೊಸಬರಾಗಿದ್ದ ಮಾರ್ಗರೆಟ್ ಥ್ಯಾಚರ್.

ಬರೋ ಎಂಬ ಹೆಸರು ನಮ್ಮ ನಾಡಿಗೂ ಬಂದಿತ್ತು. ಮುಂಬಯಿ ಸರಕಾರದ 1925ರ ಶಾಸನದಂತೆ ಹುಬ್ಬಳ್ಳಿ, ಬೆಳಗಾವಿಗಳಂತಹ ಪಟ್ಟಣಗಳು ಬರೋ ಮುನಸಿಪಾಲಿಟಿಗಳಾದುವು. ಅಲ್ಲಿಯೂ ಸ್ಥಾಯೀ ಸಮಿತಿಯೇ ಕೆಲಸದ ಕೇಂದ್ರವಾಯಿತು. ಟೌನ್ ಕ್ಲರ್ಕನ ಕುರ್ಚಿಯಲ್ಲಿ ಚೀಫ್ ಆಫೀಸರು ಕುಳಿತರು.

ಲೆಸ್ಟರಿನಲ್ಲಿ ಇಂದು ಆ ಕಮಿಟಿಗಳ ಪ್ರಾಬಲ್ಯವಿಲ್ಲ. ಆಲ್ಡರ್‌ಮನ್ನರ ಸ್ಥಾನವು 1974ರ ಪುನರ್ರಚನೆಯೊಡನೆ ಅಳಿಯಿತು. 2000ದ ಶಾಸನವು ಬಹುತೇಕ ಸಭೆಗಳ ನಿರ್ಣಯಾಧಿಕಾರವನ್ನು ಸಣ್ಣದೊಂದು ಮಂತ್ರಿಮಂಡಲದಂತಹ ಕೂಟಕ್ಕೆ ವರ್ಗಾಯಿಸಿತು. 2011ರಿಂದ ಅಲ್ಲಿ ಜನರೇ ನೇರವಾಗಿ ಆರಿಸಿದ ಮೇಯರರಿದ್ದಾರೆ. ಅವರು ಕೈಗೊಳ್ಳುವ ತೀರ್ಮಾನಗಳನ್ನು ಪರಿಶೀಲನಾ ಸಮಿತಿಗಳು ಪ್ರಶ್ನಿಸಬಹುದು, ಮರುಯೋಚನೆಗೆ ಕಳುಹಬಹುದು. ಆದರೆ ಅವರ ಆಯವ್ಯಯವನ್ನು ಸಭೆಯು ಅವರ ಇಚ್ಛೆಗೆ ವಿರೋಧವಾಗಿ ತಿದ್ದಬೇಕಾದಲ್ಲಿ ಮೂರರಲ್ಲಿ ಎರಡು ಪಾಲು ಮತಗಳು ಬೇಕು.