ಪಾತ್ರ: ಬಟ್ಟಲೋ, ಹೊಳೆಯೋ

ನಾರಾಯಣಪುರದ ಬಸವಸಾಗರದಿಂದ ನೀರು ಬಿಟ್ಟರೆಂದರೆ ದೇವದುರ್ಗದ ಕಡೆಯ ಸುದ್ದಿಗಳಲ್ಲಿ ಒಂದು ಮಾತು ತಪ್ಪದೆ ಬರುತ್ತದೆ: ನದಿ ಪಾತ್ರದ ಜನ ಎಚ್ಚರದಿಂದಿರಬೇಕು. ಗೂಗಲ್‌ನಂಥ ಕೃಷ್ಣಾ ದಂಡೆಯ ಊರಿಗೆ ಪಾತ್ರವೆಂದರೆ ಮೊದಲು ಹೊಳೆ ಹರಿಯುವ ಜಾಗ. ಬಯಲಾಟದಲ್ಲಿ ಕುಣಿಯುವವನ ಬಗ್ಗೆ ಮಾತಾಡುವಾಗ ಈ ಕಡೆಯ ಮಂದಿ ಪಾತ್ರ ಎನ್ನದೆ ‘ಭೀಮನ ಪಾರ್ಟು ಮಾಡ್ಯಾನ’ ಎಂದೇ ಅಂದಾರು. ಕುಡಿ ಎಂಬರ್ಥದ ಸಂಸ್ಕೃತ ಧಾತುವಿನಿಂದ ಹುಟ್ಟಿದ ಪಾತ್ರ ಎಂಬ ಪದ ಮೂಲದಲ್ಲಿ ಕುಡಿಯುವ ಬಟ್ಟಲು. ಅದೇ ಅಡುಗೆಮನೆಯ ಪಾತ್ರೆಯಾಯಿತು, ದಾನಕ್ಕೆ ತಕ್ಕವನಾಯಿತು (ಅಪಾತ್ರದಾನ ಎಂದು ಗೊಣಗುವವರಿಗೆ ಗೊತ್ತು), ನಮ್ಮ ಶಾಸನಗಳಲ್ಲಿ ಗುಡಿಯ ನರ್ತಕಿಯೂ ಆಯಿತು.

ಕತೆಯೊಳಗಿನ ಮನುಷ್ಯನನ್ನೂ ಪಾತ್ರ ಎನ್ನುತ್ತೇವೆ; ಅಲ್ಲಿ ಕತೆ, ಚಿತ್ರಕತೆ ಕಲಿಸುವವರು ಬಹುಪಾಲು ಬಟ್ಟಲಿಗೇ ಜೋತುಬಿದ್ದಿದ್ದಾರೆ. ವಯಸ್ಸು, ಜಾತಿ, ಚಟ, ಬಾಲ್ಯದ ಗಾಯ ಎಲ್ಲ ಸುರಿದು ತುಂಬಿಸಿದರೆ ಮನುಷ್ಯ ತಯಾರು! ನನಗೆ ಹೊಳೆಯ ಅರ್ಥವೇ ಸರಿಯೆನಿಸುತ್ತದೆ. ಹರಿಯುವ ನೀರು, ಅಡ್ಡ ಬರುವ ಬಂಡೆ ಎರಡೂ ಸೇರಿ ಹೊಳೆಯ ಪಾತ್ರವನ್ನು ಕೊರೆಯುತ್ತವೆ; ಕತೆಯ ಪಾತ್ರವೂ ಹಾಗೆಯೇ. ಮಾನ್ವಿ ಸೀಮೆಯ ಅಮರೇಶ ನುಗಡೋಣಿ ಅವರ ‘ಸವಾರಿ’ ಕತೆಯನ್ನು ಆಧರಿಸಿ ಗಿರೀಶ ಕಾಸರವಳ್ಳಿ ‘ಕನಸೆಂಬೋ ಕುದುರೆಯನೇರಿ’ ಮಾಡಿದರು. ಗೋಪಾಲಕೃಷ್ಣ ಪೈ ಜೊತೆ ಅವರು ಬರೆದ ಚಿತ್ರಕತೆಗೆ 57ನೇ ರಾಷ್ಟ್ರೀಯ ಚಲನಚಿತ್ರ ಪ್ರಶಸ್ತಿ ಬಂತು. ಆ ಚಿತ್ರದ ಈರ್ಯ ಸತ್ತವರಿಗೆ ಕುಣಿ ತೋಡುವವ. ಕನಸಿನಲ್ಲಿ ಸಿದ್ಧ ಬಂದರೆ ಊರಲ್ಲೊಂದು ಸಾವು ಖಂಡಿತ ಎಂದು ನಂಬಿದವ. ಸಿದ್ಧ ಬರುತ್ತಾನೆ, ಈರ್ಯ ಹೋಗಿ ಕೇಳಿದರೆ ಗೌಡರ ಮನೆಯಲ್ಲಿ ಯಾರೂ ಸತ್ತಿಲ್ಲ ಎನ್ನುತ್ತಾರೆ. ಗೌಡರು ಸತ್ತಿದ್ದಾರೆ, ಆ ಸಾವನ್ನು ಮನೆಯಲ್ಲಿ ಮುಚ್ಚಿಟ್ಟಿದ್ದಾರೆ. ಈರ್ಯನ ಕಸುಬು, ಕನಸು, ಮರ್ಯಾದೆ ಮೂರೂ ಒಂದೇ ಸುಳ್ಳಿಗೆ ಬಂದು ಬಡಿಯುತ್ತವೆ. ಆ ಹೊಡೆತಕ್ಕೆ ಅವನು ಹೇಗೆ ಅಲುಗುತ್ತಾನೆ ಎಂಬುದರಲ್ಲೇ ಅವನು ಯಾರೆಂದು ತಿಳಿಯುತ್ತದೆ. ಅವನ ಜಾತಕ ಬೇಕಾಗುವುದಿಲ್ಲ.

ವಿವರಗಳಿಲ್ಲದೆ ಮನುಷ್ಯ ನಿಲ್ಲುತ್ತಾನೆಯೇ ಎಂದು ಕೇಳಬಹುದು. ನಿಲ್ಲುವುದಿಲ್ಲ, ಒಪ್ಪಿದೆ. ಆದರೆ ಕುಣಿ ತೋಡುವುದು ಈರ್ಯನಿಗೆ ಅಂಟಿಸಿದ ವಿವರವಲ್ಲ; ಅದಿಲ್ಲದಿದ್ದರೆ ಆ ಸುಳ್ಳು ಅವನಿಗೆ ತಾಗುತ್ತಲೇ ಇರಲಿಲ್ಲ. ಕತೆಯಲ್ಲಿ ಯಾವುದಕ್ಕೂ ತಾಗದ ವಿವರವನ್ನು ಹೊಡೆದು ಹಾಕಿದರೆ ನಷ್ಟವಿಲ್ಲ. ಇನ್ನೊಂದು ಆಕ್ಷೇಪ ಗಟ್ಟಿಯಾದದ್ದು: ಬಯಲಾಟದ ದುರ್ಯೋಧನ ಬೆಳಗಿನವರೆಗೂ ಅಲುಗುವುದಿಲ್ಲ, ಆದರೂ ಜನ ನಂಬುತ್ತಾರಲ್ಲ? ನಂಬುತ್ತಾರೆ, ಏಕೆಂದರೆ ಅವನ ದಾರಿಯನ್ನು ಪುರಾಣ ಎಂದೋ ಕೊರೆದಿಟ್ಟಿದೆ. ನೋಡುವವರು ಅದನ್ನು ಮನೆಯಿಂದಲೇ ಹೊತ್ತು ತಂದಿರುತ್ತಾರೆ. ಹೊಸ ಕತೆಯ ಹೆಸರಿಲ್ಲದ ಮನುಷ್ಯನಿಗೆ ಆ ಸವಲತ್ತಿಲ್ಲ. ಚಿತ್ರದಲ್ಲಿ ಈರ್ಯನಾದವರು ನಟ ವೈಜನಾಥ ಬಿರಾದಾರ. ಅದೇ ಮುಖ, ಅದೇ ಮೈಕಟ್ಟನ್ನು ನಮ್ಮ ಸಿನಿಮಾ ವರ್ಷಗಟ್ಟಲೆ ಕುಡುಕ, ಭಿಕ್ಷುಕ ಎಂಬ ತುಣುಕು ವೇಷಗಳಲ್ಲಿ ನಗಿಸಲು ಬಳಸಿತ್ತು. ಲಕ್ಷಣಗಳಿಗೇನೂ ಅಲ್ಲಿ ಕೊರತೆ ಇರಲಿಲ್ಲ; ಆ ಕುಡುಕನಿಗೆ ಏನು ಬೇಕು, ಅದಕ್ಕೆ ಅಡ್ಡ ನಿಂತವರು ಯಾರು ಎಂದು ಮಾತ್ರ ಯಾರೂ ಬರೆದಿರಲಿಲ್ಲ.