ಶಾಲೆಯ ಪಂಚಾಂಗ ಮತ್ತು ಬಸಿರಿನ ಲೆಕ್ಕ: ಶಿಕ್ಷಕಿಯರ ಹೆರಿಗೆ ರಜೆಯ ಚರಿತ್ರೆ

ಹೊಸದಾಗಿ ಮದುವೆಯಾದ ಹೆಣ್ಣುಮಗಳನ್ನು ಆಷಾಢ ಮಾಸದಲ್ಲಿ ತವರಿಗೆ ಕಳುಹಿಸುವ ಪದ್ಧತಿ ಹಳೆಯ ಮೈಸೂರು ಸೀಮೆಯಲ್ಲಿ ಬಹುಕಾಲದಿಂದ ರೂಢಿಯಲ್ಲಿದೆ. ಆ ತಿಂಗಳು ಅತ್ತೆ ಸೊಸೆಯರು ಒಂದೇ ಹೊಸಿಲು ದಾಟಬಾರದೆಂಬುದು ಅದಕ್ಕೆ ಹೇಳುವ ಮಾತು. ಇದರ ಒಳಗಿನ ಕಾರಣವನ್ನು ಹಿರಿಯರು ಬೇರೆಯಾಗಿ ವಿವರಿಸುವುದುಂಟು: ಆಷಾಢದಲ್ಲಿ ಗರ್ಭ ನಿಂತರೆ ಹೆರಿಗೆಯು ಚೈತ್ರ ವೈಶಾಖಗಳ ಉರಿಬಿಸಿಲಿಗೆ ಬರುತ್ತದೆ, ಬಾಣಂತಿಗೂ ಕೂಸಿಗೂ ಅದು ಕಷ್ಟದ ಕಾಲ. ಈ ವಿವರಣೆಯೇ ಪದ್ಧತಿಯ ಮೂಲವೋ ಅಥವಾ ಆಮೇಲೆ ಹಚ್ಚಿದ ಸಮರ್ಥನೆಯೋ ಎಂಬುದು ಚರ್ಚಾಸ್ಪದ. ಆದರೆ ಹೆರಿಗೆಯ ತಿಂಗಳನ್ನು ಮೊದಲೇ ಎಣಿಸಿ ನಡೆದುಕೊಳ್ಳಬಹುದೆಂಬ ತಿಳಿವಳಿಕೆ ಕನ್ನಡ ಸಮಾಜಕ್ಕೆ ಹೊಸದಲ್ಲ ಎಂಬುದಂತೂ ಇದರಿಂದ ಸ್ಪಷ್ಟವಾಗುತ್ತದೆ.

ಇಪ್ಪತ್ತನೆಯ ಶತಮಾನದಲ್ಲಿ ಇದೇ ಎಣಿಕೆ ಇನ್ನೊಂದು ಪಂಚಾಂಗಕ್ಕೆ ಒಳಪಟ್ಟಿತು. ಮೇ ಕೊನೆಗೆ ಅಥವಾ ಜೂನ್ ಮೊದಲಿಗೆ ಆರಂಭವಾಗಿ, ದಸರೆಗೆ ನಿಂತು, ಮಾರ್ಚಿಯ ಪರೀಕ್ಷೆಗಳನ್ನು ಮುಗಿಸಿ, ಏಪ್ರಿಲ್ ಎರಡನೆಯ ವಾರದಲ್ಲಿ ಬಾಗಿಲು ಮುಚ್ಚುವ ಶಾಲೆಯ ಪಂಚಾಂಗವದು. ಶಿಕ್ಷಕಿಯರು ತಮ್ಮ ಬಸಿರನ್ನು ಈ ಪಂಚಾಂಗಕ್ಕೆ ಹೊಂದಿಸಿಕೊಳ್ಳಲು ಯತ್ನಿಸುವುದನ್ನು ಸಾಮಾನ್ಯವಾಗಿ ಮನೆಯ ಖಾಸಗಿ ವಿಚಾರವೆಂದೇ ಭಾವಿಸಲಾಗುತ್ತದೆ. ವಾಸ್ತವದಲ್ಲಿ ಯಾವ ತಿಂಗಳು ಅನುಕೂಲ, ಯಾವುದು ಅನನುಕೂಲ ಎಂಬುದನ್ನು ನಿರ್ಧರಿಸುತ್ತ ಬಂದಿರುವುದು ರಜಾ ನಿಯಮಗಳು. ಒಂದೇ ಬಡಾವಣೆಯಲ್ಲಿ ಅಕ್ಕಪಕ್ಕದ ಎರಡು ಶಾಲೆಗಳಲ್ಲಿ ಪಾಠ ಹೇಳುವ ಇಬ್ಬರಿಗೆ ಈ ‘ಒಳ್ಳೆಯ ತಿಂಗಳು’ ಬೇರೆಬೇರೆಯಾಗಿರುವುದಕ್ಕೂ ಅವೇ ಕಾರಣ.

ದಕ್ಷಿಣ ಬೆಂಗಳೂರಿನ ಬಿಟಿಎಂ ಲೇಔಟ್ ಅಂಥದೊಂದು ಬಡಾವಣೆ. ಬೈರಸಂದ್ರ, ತಾವರೆಕೆರೆ, ಮಡಿವಾಳ ಎಂಬ ಮೂರು ಹಳ್ಳಿಗಳ ಮೊದಲಕ್ಷರಗಳೇ ಅದರ ಹೆಸರಾಗಿವೆ. 1976ರಲ್ಲಿ ಸ್ಥಾಪಿತವಾದ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರವು ಇಲ್ಲಿ ನಿವೇಶನಗಳನ್ನು ರೂಪಿಸಿದ ಮೇಲೆ ಊರುಗಳ ಗುರುತು ತೆಳುವಾಯಿತು. 2025ರ ಆಗಸ್ಟ್‌ನಲ್ಲಿ ತೆರೆದ ಮೆಟ್ರೋ ಹಳದಿ ಮಾರ್ಗದ ನಿಲ್ದಾಣದ ಮೇಲೆ ಉಳಿದಿರುವುದೂ ಆ ಮೂರು ಅಕ್ಷರಗಳೇ. ಹಳೆಯ ಊರುಗಳ ಸರ್ಕಾರಿ ಶಾಲೆಗಳು, ಬಡಾವಣೆಯೊಡನೆ ಬೆಳೆದ ಖಾಸಗಿ ಶಾಲೆಗಳು, ಮನೆಯ ನೆಲಮಹಡಿಯಲ್ಲಿಯೇ ನಡೆಯುವ ಶಿಶುವಿಹಾರಗಳು ಕಾಲ್ನಡಿಗೆಯ ದೂರದಲ್ಲಿವೆ. ಬೇರೆ ಊರುಗಳಿಂದ ಬಂದು ಬಾಡಿಗೆ ಮನೆಗಳಲ್ಲಿ ನೆಲೆಸಿದವರು ಇಲ್ಲಿ ಬಹಳ. ಅಂಥವರಿಗೆ ತವರು ಎಂಬುದು ಒಂದು ರಾತ್ರಿಯ ಬಸ್ ಪ್ರಯಾಣದ ದೂರದಲ್ಲಿರುವುದರಿಂದ, ಬಾಣಂತನಕ್ಕೆ ತಾಯಿ ಎಂದು ಬರಬೇಕು, ಎಷ್ಟು ದಿನ ಇರಬೇಕು ಎಂಬುದೂ ರಜೆಯ ಲೆಕ್ಕದೊಳಗೇ ಸೇರಿಕೊಳ್ಳುತ್ತದೆ.

ಈ ನಿಯಮಗಳು ಶಿಕ್ಷಕಿಯ ಬಸಿರನ್ನು ತಡವಾಗಿ ಗಮನಿಸಿದುದಕ್ಕೆ ಚಾರಿತ್ರಿಕ ಹಿನ್ನೆಲೆಯಿದೆ. ಮೈಸೂರಿನಲ್ಲಿ 1881ರಲ್ಲಿ ಮಹಾರಾಣಿಯವರ ಬಾಲಿಕಾ ಪಾಠಶಾಲೆ ಆರಂಭವಾದಾಗ ಎದುರಾದ ದೊಡ್ಡ ಕೊರತೆಯೆಂದರೆ ಪಾಠ ಹೇಳಬಲ್ಲ ಹೆಂಗಸರದು. ಆ ಕಾಲದ ಸುಧಾರಕರು ಇದಕ್ಕೆ ಕಂಡುಕೊಂಡ ಪರಿಹಾರಗಳಲ್ಲಿ ಮುಖ್ಯವಾದುದು ಬಾಲವಿಧವೆಯರ ಶಿಕ್ಷಣ. ಮದರಾಸಿನಲ್ಲಿ ಸೋದರಿ ಸುಬ್ಬಲಕ್ಷ್ಮಿಯವರು ವಿಧವೆಯರಿಗಾಗಿ ವಸತಿಗೃಹ ತೆರೆದು ಅವರನ್ನು ಶಿಕ್ಷಕಿಯರನ್ನಾಗಿ ತಯಾರು ಮಾಡಿದರು. ಕನ್ನಡನಾಡಿನಲ್ಲಿ ನಂಜನಗೂಡು ತಿರುಮಲಾಂಬ, ಆರ್. ಕಲ್ಯಾಣಮ್ಮ ಮೊದಲಾದವರು ಬಾಲ್ಯದಲ್ಲೇ ವೈಧವ್ಯಕ್ಕೆ ಸಿಕ್ಕಿಯೂ ಅಕ್ಷರದ ಕೆಲಸಕ್ಕೆ ತೊಡಗಿದವರು. ಇವರಲ್ಲದೆ ಮಿಷನ್ ಶಾಲೆಗಳಲ್ಲಿ ಅವಿವಾಹಿತ ಸನ್ಯಾಸಿನಿಯರಿದ್ದರು. ಹೀಗೆ ಶಿಕ್ಷಕಿ ಎಂಬ ಪದ ಸಮಾಜದ ಕಣ್ಣಿಗೆ ಕಟ್ಟಿಕೊಟ್ಟ ಮೊದಲ ಚಿತ್ರವು ಹೆರಿಗೆಯ ಪ್ರಶ್ನೆಯೇ ಏಳದ ಹೆಣ್ಣಿನದು. ಶಾಲೆಯ ವೇಳಾಪಟ್ಟಿಯನ್ನು ಗಂಡಸರೂ ಇಂಥ ಹೆಂಗಸರೂ ಇರುವರೆಂದು ಭಾವಿಸಿಯೇ ರೂಪಿಸಲಾಯಿತು ಎಂದರೆ ತಪ್ಪಾಗಲಾರದು. ಇದು ನಮ್ಮಲ್ಲಿಯ ವಿಶೇಷವೇನೂ ಅಲ್ಲ. ಮದುವೆಯಾದ ಶಿಕ್ಷಕಿ ಕೆಲಸ ಬಿಡಬೇಕೆಂಬ ಕಟ್ಟಳೆ ಇಂಗ್ಲೆಂಡಿನಲ್ಲಿ 1944ರ ಶಿಕ್ಷಣ ಕಾಯಿದೆಯವರೆಗೂ, ಐರ್ಲೆಂಡಿನ ಪ್ರಾಥಮಿಕ ಶಾಲೆಗಳಲ್ಲಿ 1958ರವರೆಗೂ ಇತ್ತು.

ಹೆರಿಗೆ ರಕ್ಷಣೆಯ ಕಾನೂನು ಹುಟ್ಟಿದ್ದು ಕಾರ್ಖಾನೆಯಿಂದ. 1919ರ ವಾಷಿಂಗ್ಟನ್ ಅಂತರರಾಷ್ಟ್ರೀಯ ಕಾರ್ಮಿಕ ಸಮ್ಮೇಳನದ ಒಡಂಬಡಿಕೆಯು ಕೈಗಾರಿಕೆ ಮತ್ತು ವಾಣಿಜ್ಯ ಸಂಸ್ಥೆಗಳ ಹೆಂಗಸರ ಬಗ್ಗೆ ಮಾತ್ರ ಮಾತನಾಡಿತು. ಅದರ ಛಾಯೆಯಲ್ಲಿ 1929ರಲ್ಲಿ ಮುಂಬಯಿ ಪ್ರಾಂತ್ಯದ ಕಾಯಿದೆ ಬಂದಿತು. ಸ್ವತಂತ್ರ ಭಾರತದ 1961ರ ಹೆರಿಗೆ ಸೌಲಭ್ಯ ಕಾಯಿದೆಯೂ ಮೊದಲಿಗೆ ಕಾರ್ಖಾನೆ, ಗಣಿ, ತೋಟಗಳನ್ನೇ ಕಣ್ಣಮುಂದಿಟ್ಟುಕೊಂಡು ಹನ್ನೆರಡು ವಾರಗಳ ವೇತನ ಸಹಿತ ಬಿಡುವನ್ನು ವಿಧಿಸಿತು. ಮುಂದೆ ಹತ್ತು ಅಥವಾ ಹೆಚ್ಚು ಮಂದಿ ದುಡಿಯುವ ಅಂಗಡಿ ಮತ್ತು ಸಂಸ್ಥೆಗಳಿಗೂ ಅದು ವಿಸ್ತರಿಸಿತು. ಆದರೆ ‘ಸಂಸ್ಥೆ’ ಎಂಬುದರ ಅರ್ಥವನ್ನು ಆಯಾ ರಾಜ್ಯದ ಅಂಗಡಿ ಕಾನೂನಿನಿಂದಲೇ ಪಡೆಯಬೇಕಾಗಿತ್ತು. ಶಾಲೆಯು ವ್ಯಾಪಾರವೋ, ವೃತ್ತಿಯೋ, ದಾನಧರ್ಮವೋ ಎಂಬ ತೀರದ ವಾದದೊಳಗೆ ಖಾಸಗಿ ಶಾಲೆಯ ಶಿಕ್ಷಕಿಯ ಬಾಣಂತನ ಸಿಕ್ಕಿಬಿದ್ದಿತು.

ಸರ್ಕಾರಿ ಶಿಕ್ಷಕಿಗೆ ರಜೆ ಬಂದದ್ದು ಬೇರೆ ದಾರಿಯಿಂದ, ಸೇವಾ ನಿಯಮಗಳ ಮೂಲಕ. ಕರ್ನಾಟಕ ನಾಗರಿಕ ಸೇವಾ ನಿಯಮಾವಳಿಯ 135ನೆಯ ನಿಯಮವು ಇಬ್ಬರಿಗಿಂತ ಕಡಿಮೆ ಜೀವಂತ ಮಕ್ಕಳಿರುವ ಮಹಿಳಾ ನೌಕರರಿಗೆ ಹೆರಿಗೆ ರಜೆಯನ್ನು ಒದಗಿಸುತ್ತದೆ. ಕೇಂದ್ರ ನೌಕರರಿಗೆ 90 ದಿನಗಳಿದ್ದ ಈ ರಜೆ 1997ರಲ್ಲಿ 135 ಆಗಿ, 2008ರಲ್ಲಿ 180 ಆಯಿತು. ಕರ್ನಾಟಕವೂ ಬಳಿಕ 180 ದಿನಗಳನ್ನೇ ಅಂಗೀಕರಿಸಿತು.

ಕನ್ನಡದಲ್ಲಿ ಬೇಸಿಗೆ ರಜೆಯೂ ರಜೆ, ಹೆರಿಗೆ ರಜೆಯೂ ರಜೆ. ಈ ಒಂದೇ ಪದ ಎರಡು ಬೇರೆ ಹಕ್ಕುಗಳನ್ನು ಮುಚ್ಚಿಬಿಡುತ್ತದೆ. ಇತರ ನೌಕರರು ವರ್ಷಕ್ಕೆ 30 ದಿನಗಳ ಗಳಿಕೆ ರಜೆ ಕೂಡಿಸಿಕೊಂಡರೆ, ಶಿಕ್ಷಕರಿಗೆ ದೊರೆಯುವುದು 10. ಬೇಸಿಗೆ ಮತ್ತು ದಸರಾ ಬಿಡುವುಗಳನ್ನು ಅದರ ಬದಲಿಗೆ ಕೊಟ್ಟದ್ದೆಂದೇ ನಿಯಮ ಭಾವಿಸುತ್ತದೆ. ಅಂದರೆ ಶಿಕ್ಷಕಿಯ ಬೇಸಿಗೆ ಬಿಡುವು ಯಾರೋ ಕೊಟ್ಟ ಉಡುಗೊರೆಯಲ್ಲ, ತನ್ನ ಗಳಿಕೆ ರಜೆಯನ್ನು ಬಿಟ್ಟುಕೊಟ್ಟು ಪಡೆದದ್ದು. ಹೆರಿಗೆ ರಜೆಯಾದರೋ ಭಾನುವಾರ, ಹಬ್ಬ, ದಸರೆ, ಬೇಸಿಗೆ ಎಲ್ಲವನ್ನೂ ನುಂಗುತ್ತ ಎಡೆಬಿಡದೆ ಸಾಗುವ ಎಣಿಕೆ.

ಇದರ ಪರಿಣಾಮವನ್ನು ದಿನಾಂಕಗಳಲ್ಲಿಟ್ಟು ನೋಡಬಹುದು. ಇತ್ತೀಚಿನ ವರ್ಷಗಳಲ್ಲಿ ರಾಜ್ಯದ ಶಾಲೆಗಳ ಬೇಸಿಗೆ ಬಿಡುವು ಏಪ್ರಿಲ್ 11ರಿಂದ ಮೇ 28ರವರೆಗೆ ಇದ್ದುದುಂಟು, ಒಟ್ಟು 48 ದಿನ. ಡಿಸೆಂಬರ್ 1ರಂದು ಹೆರಿಗೆ ರಜೆ ಆರಂಭಿಸಿದ ಶಿಕ್ಷಕಿಯ 180 ದಿನಗಳು ಮೇ 29ಕ್ಕೆ ಮುಗಿಯುತ್ತವೆ. ಬೇಸಿಗೆ ಬಿಡುವಿನ ಅಷ್ಟೂ ದಿನಗಳು ರಜೆಯೊಳಗೆ ಕರಗಿಹೋಗುತ್ತವೆ. ಅದೇ ಶಾಲೆಯ ಇನ್ನೊಬ್ಬ ಶಿಕ್ಷಕಿ ಅಕ್ಟೋಬರ್ 13ರಂದು ರಜೆ ಆರಂಭಿಸಿದರೆ ಅದು ಏಪ್ರಿಲ್ 10ಕ್ಕೆ ಮುಗಿದು ಮರುದಿನವೇ ಶಾಲೆ ಮುಚ್ಚುತ್ತದೆ. ಆಕೆಗೆ ಕೂಸಿನೊಡನೆ 228 ದಿನ. ಏಳು ವಾರಗಳ ಅಂತರದಲ್ಲಿ ಹುಟ್ಟಿದ ಎರಡು ಮಕ್ಕಳ ನಡುವೆ ತಾಯಿಯ ಸಾಮೀಪ್ಯದಲ್ಲಿ ಒಂದೂವರೆ ತಿಂಗಳಿಗೂ ಮಿಕ್ಕ ವ್ಯತ್ಯಾಸ! 90 ದಿನಗಳ ಕಾಲದಲ್ಲಿ ಈ ಒಳ್ಳೆಯ ಆರಂಭ ಜನವರಿ 11ರ ಸುಮಾರಿಗೆ ಬೀಳುತ್ತಿತ್ತು, ಎಂದರೆ ಪರೀಕ್ಷೆಯ ತಯಾರಿಯ ನಡುಮಧ್ಯೆ. ರಜೆ ಇಮ್ಮಡಿಯಾದಾಗ ತಾಯಿಗೆ ಹೆಚ್ಚು ದಿನಗಳು ದೊರೆತವು, ಜೊತೆಗೆ ಅನುಕೂಲದ ತಿಂಗಳೇ ಸಂಕ್ರಾಂತಿಯಿಂದ ದಸರೆಯ ಆಸುಪಾಸಿಗೆ ಸರಿಯಿತು.

ಖಾಸಗಿ ಶಾಲೆಯ, ಅದರಲ್ಲೂ ಸಣ್ಣ ಶಾಲೆಯ ಶಿಕ್ಷಕಿಯ ಲೆಕ್ಕ ಇದಕ್ಕೆ ನೇರ ವಿರುದ್ಧ. ಸಂಬಳದ ರಜೆ ಖಚಿತವಿಲ್ಲದಿದ್ದಲ್ಲಿ ಉಳಿಯುವುದು ಬೇಸಿಗೆ ಬಿಡುವೊಂದೇ. ಹೆರಿಗೆ ಏಪ್ರಿಲ್ ಎರಡನೆಯ ವಾರಕ್ಕೆ ಬಂದರೆ ಶಾಲೆ ತೆರೆಯುವ ಹೊತ್ತಿಗೆ ಕೂಸಿಗೆ ಏಳು ವಾರ. ಏಪ್ರಿಲ್ 10ರಿಂದ ಹಿಂದಕ್ಕೆ ಎಣಿಸಿದರೆ ಗರ್ಭ ನಿಲ್ಲಬೇಕಾದದ್ದು ಜುಲೈ ಮಧ್ಯದಲ್ಲಿ, ಬಹುತೇಕ ವರ್ಷಗಳಲ್ಲಿ ಅದು ಆಷಾಢವೇ. ಅಜ್ಜಿಯಂದಿರ ಪಂಚಾಂಗ ಬೇಡವೆಂದು ಬೇಲಿ ಹಾಕಿದ ತಿಂಗಳನ್ನೇ ಶಾಲೆಯ ಪಂಚಾಂಗ ಬೇಕೆಂದು ಕೇಳುತ್ತದೆ. ಬಾಣಂತಿ ಉರಿಬಿಸಿಲಿನಲ್ಲಿ ಮಲಗಬಾರದೆಂಬ ಕಾಳಜಿಯ ಜಾಗದಲ್ಲಿ, ಬಿಸಿಲಿನ ಹೊರತು ಮಲಗಲು ಬೇರೆ ಕಾಲವೇ ಇಲ್ಲವೆಂಬ ಸ್ಥಿತಿ ಬಂದು ಕೂತಿದೆ.

2017ರ ತಿದ್ದುಪಡಿಯು ಮೊದಲ ಎರಡು ಮಕ್ಕಳಿಗೆ ರಜೆಯನ್ನು 26 ವಾರಗಳಿಗೆ ಏರಿಸಿದಾಗಲೂ ಖಾಸಗಿ ಶಾಲೆ ಅದರ ವ್ಯಾಪ್ತಿಯಲ್ಲಿದೆಯೇ ಎಂಬ ಪ್ರಶ್ನೆ ಹಾಗೆಯೇ ಉಳಿಯಿತು. ಈ ವಿಷಯದಲ್ಲಿ ಕೇರಳದ ನಡೆ ಉಲ್ಲೇಖನೀಯ. ಕಾಯಿದೆಯನ್ನು ಬೇರೆ ಸಂಸ್ಥೆಗಳಿಗೂ ವಿಸ್ತರಿಸಲು ರಾಜ್ಯಗಳಿಗಿದ್ದ ಅಧಿಕಾರವನ್ನು ಬಳಸಿ, ಕೇಂದ್ರದ ಒಪ್ಪಿಗೆ ಪಡೆದು, ಅದು 2020ರಲ್ಲಿ ಖಾಸಗಿ ಶಿಕ್ಷಣ ಸಂಸ್ಥೆಗಳ ಸಿಬ್ಬಂದಿಯನ್ನು ಇದರೊಳಗೆ ತಂದಿತು. ಕಾಸರಗೋಡಿನ ಖಾಸಗಿ ಶಾಲೆಯಲ್ಲಿ ಕನ್ನಡ ಕಲಿಸುವ ಶಿಕ್ಷಕಿಗೆ ಹೀಗೆ ಸಂದೇಹವಿಲ್ಲದ ಅಧಿಸೂಚನೆಯೊಂದರ ಆಸರೆ ದೊರೆಯಿತು. 2025ರ ನವೆಂಬರ್ 21ರಿಂದ ಜಾರಿಗೆ ಬಂದ ಸಾಮಾಜಿಕ ಭದ್ರತಾ ಸಂಹಿತೆಯು 1961ರ ಕಾಯಿದೆಯ ಸ್ಥಾನವನ್ನು ಪಡೆದಿದ್ದು, 26 ವಾರಗಳನ್ನೂ, ಹಿಂದಿನ ಹನ್ನೆರಡು ತಿಂಗಳಲ್ಲಿ 80 ದಿನ ದುಡಿದಿರಬೇಕೆಂಬ ಷರತ್ತನ್ನೂ, ಹತ್ತು ಮಂದಿಯ ಮಿತಿಯನ್ನೂ ಉಳಿಸಿಕೊಂಡಿದೆ. ನಾಲ್ಕೈದು ಶಿಕ್ಷಕಿಯರ ಶಿಶುವಿಹಾರ ಈ ಮಿತಿಯಿಂದ ಆಚೆಯೇ ನಿಲ್ಲುತ್ತದೆ.

ಬಸಿರನ್ನು ತಿಂಗಳಿಗೆ ಹೊಂದಿಸುವುದು ಎಷ್ಟರ ಮಟ್ಟಿಗೆ ಸಾಧ್ಯ ಎಂಬುದನ್ನೂ ಇಲ್ಲಿ ಕೇಳಬೇಕು. ಮುಂದೂಡುವ ಉಪಾಯ ಈ ನೆಲದಲ್ಲಿ ಬೇಗನೆ ದೊರೆತಿತ್ತು. 1930ರಲ್ಲಿಯೇ ಮೈಸೂರು ಸರ್ಕಾರವು ತನ್ನ ಆಸ್ಪತ್ರೆಗಳಲ್ಲಿ ಸಂತಾನ ನಿಯಂತ್ರಣ ಚಿಕಿತ್ಸಾಲಯಗಳನ್ನು ತೆರೆಯಲು ಆಜ್ಞೆ ಹೊರಡಿಸಿತು. ಸರ್ಕಾರವೊಂದು ಇಂಥ ಕೆಲಸಕ್ಕೆ ಕೈಹಾಕಿದ್ದು ಜಗತ್ತಿನಲ್ಲೇ ಮೊದಲೆಂದು ಪರಿಗಣಿತವಾಗಿದೆ. ಆದರೆ ಗರ್ಭವನ್ನು ತಡೆಯುವುದು ಬೇರೆ, ಬೇಕೆಂದ ತಿಂಗಳಿಗೆ ಕರೆಯುವುದು ಬೇರೆ. ಆರೋಗ್ಯವಂತ ದಂಪತಿಗಳಲ್ಲಿಯೂ ಒಂದು ಋತುಚಕ್ರದಲ್ಲಿ ಗರ್ಭ ನಿಲ್ಲುವ ಸಂಭವ ಸುಮಾರು ನಾಲ್ಕರಲ್ಲಿ ಒಂದು ಅಥವಾ ಅದಕ್ಕೂ ಕಡಿಮೆ. ಕೊನೆಯ ಮುಟ್ಟಿನಿಂದ 280 ದಿನವೆಂದು ಜರ್ಮನ್ ವೈದ್ಯ ನೇಗೆಲೆಯ ಹೆಸರಿನಲ್ಲಿ ಹಾಕುವ ದಿನಾಂಕಕ್ಕೇ ಹೆರಿಗೆಯಾಗುವುದು ನೂರಕ್ಕೆ ನಾಲ್ಕೈದು ಮಂದಿಗೆ ಮಾತ್ರ. ಒಂದು ತಿಂಗಳು ತಪ್ಪಿದಾಗ ‘ಇನ್ನು ಮುಂದಿನ ವರ್ಷ ನೋಡೋಣ’ ಎನ್ನುವ ಮೂವತ್ತು ದಾಟಿದ ಶಿಕ್ಷಕಿ ಕಳೆದುಕೊಳ್ಳುವುದು ಒಂದು ತಿಂಗಳಲ್ಲ, ಒಂದು ವರ್ಷ. ಗರ್ಭಪಾತವಾದರೆ ಕಾನೂನು ಆರು ವಾರಗಳ ಬಿಡುವು ಕೊಡುತ್ತದೆ, ಆ ವರ್ಷವನ್ನು ಹಿಂದಿರುಗಿಸುವ ನಿಯಮ ಯಾವುದೂ ಇಲ್ಲ.

ಶಾಲೆಯ ವರ್ಷ ದೊಡ್ಡದೋ ತಾಯಿಯ ದೇಹ ದೊಡ್ಡದೋ ಎಂಬ ಪ್ರಶ್ನೆಯನ್ನು ನ್ಯಾಯಾಲಯವೊಂದು ನೇರವಾಗಿ ಎದುರಿಸಿದ್ದು 1974ರಲ್ಲಿ, ಅಮೆರಿಕದ ಸರ್ವೋಚ್ಚ ನ್ಯಾಯಾಲಯದ ಲಾಫ್ಲೂರ್ ಪ್ರಕರಣದಲ್ಲಿ. ಕ್ಲೀವ್‌ಲ್ಯಾಂಡ್ ಶಿಕ್ಷಣ ಮಂಡಲಿಯ ನಿಯಮದಂತೆ ಶಿಕ್ಷಕಿಯು ಹೆರಿಗೆಗೆ ಐದು ತಿಂಗಳ ಮೊದಲೇ ಸಂಬಳವಿಲ್ಲದೆ ಮನೆಗೆ ಹೋಗಬೇಕಿತ್ತು. ಕೂಸಿಗೆ ಮೂರು ತಿಂಗಳು ತುಂಬಿದ ಮೇಲಿನ ಅವಧಿಯ ಆರಂಭದವರೆಗೆ ಹಿಂದಿರುಗುವಂತಿರಲಿಲ್ಲ. ತರಗತಿಯ ನಿರಂತರತೆ ಮಂಡಲಿಯ ಸಮರ್ಥನೆಯಾಗಿತ್ತು. ನ್ಯಾಯಾಲಯ ಅದನ್ನು ಒಪ್ಪದೆ ನಿಯಮವನ್ನು ರದ್ದುಗೊಳಿಸಿತು. ಭಾರತದಲ್ಲಿ ಪ್ರಶ್ನೆ ಬೇರೆ ಬಾಗಿಲಿನಿಂದ ಬಂದಿತು. ಕರ್ನಾಟಕದ ಗಡಿಗೆ ದೂರವಲ್ಲದ ಧರ್ಮಪುರಿ ಜಿಲ್ಲೆಯ ಸರ್ಕಾರಿ ಶಾಲೆಯ ಶಿಕ್ಷಕಿಗೆ, ಮೊದಲ ಮದುವೆಯ ಇಬ್ಬರು ಮಕ್ಕಳಿದ್ದರೆಂಬ ಕಾರಣಕ್ಕೆ ಎರಡನೆಯ ಮದುವೆಯ ಕೂಸಿಗಾಗಿ ರಜೆ ನಿರಾಕರಿಸಲಾಗಿತ್ತು. 2025ರ ಮೇ 23ರಂದು ಸರ್ವೋಚ್ಚ ನ್ಯಾಯಾಲಯವು ಆಕೆಯ ಪರವಾಗಿ ತೀರ್ಪಿತ್ತು, ಹೆರಿಗೆ ರಜೆಯನ್ನು ಸಂತಾನ ಸಂಬಂಧಿ ಹಕ್ಕುಗಳ ಭಾಗವೆಂದು ಗುರುತಿಸಿತು.

ತರಗತಿಯ ನಿರಂತರತೆಯ ಮಾತನ್ನು ಸುಳ್ಳೆಂದು ತಳ್ಳಿಹಾಕುವಂತಿಲ್ಲ. ಅಕ್ಟೋಬರಿನಿಂದ ಏಪ್ರಿಲಿನವರೆಗೆ ಗಣಿತದ ಶಿಕ್ಷಕಿಯಿಲ್ಲದ ಹತ್ತನೆಯ ತರಗತಿಯ ಮಕ್ಕಳ ನಷ್ಟ ನಿಜವಾದುದೇ. ಆ ಭಾರವನ್ನು ಸಹೋದ್ಯೋಗಿಗಳು ಹೊರುತ್ತಾರೆ, ಇಲ್ಲವೇ ಅತಿಥಿ ಶಿಕ್ಷಕರನ್ನು ಕರೆಸಲಾಗುತ್ತದೆ. ಹಾಗೆ ಬರುವವರಲ್ಲಿ ಅನೇಕರು ಆಗಷ್ಟೇ ಬಿ.ಎಡ್. ಮುಗಿಸಿದ, ಹೊಸದಾಗಿ ಮದುವೆಯಾದ ಹೆಣ್ಣುಮಕ್ಕಳು. ಅವರ ನೇಮಕ ಶೈಕ್ಷಣಿಕ ವರ್ಷಕ್ಕೆ ಸೀಮಿತ, ಗೌರವಧನ ಶಾಲೆ ನಡೆದ ತಿಂಗಳುಗಳಿಗೆ ಮಾತ್ರ. ಗುತ್ತಿಗೆಯ ಅವಧಿ ಮುಗಿದ ಮೇಲೂ ಹೆರಿಗೆ ಸೌಲಭ್ಯ ಮುಂದುವರಿಯಬಹುದೆಂದು ಸರ್ವೋಚ್ಚ ನ್ಯಾಯಾಲಯ 2023ರಲ್ಲಿ ದೆಹಲಿಯ ಗುತ್ತಿಗೆ ವೈದ್ಯೆಯೊಬ್ಬರ ಪ್ರಕರಣದಲ್ಲಿ ಹೇಳಿದೆ. ಅಷ್ಟು ದೂರ ವ್ಯಾಜ್ಯ ನಡೆಸಲಾಗದ ಅತಿಥಿ ಶಿಕ್ಷಕಿಗೆ ಏಪ್ರಿಲ್ ಮತ್ತು ಮೇ ತಿಂಗಳುಗಳು ರಜೆಯೂ ಅಲ್ಲ, ಬಿಡುವೂ ಅಲ್ಲ. ಹಾಜರಿ ಪುಸ್ತಕದಲ್ಲಿ ಆ ಎರಡು ತಿಂಗಳು ಆಕೆಯ ಹೆಸರೇ ಇರುವುದಿಲ್ಲ.